ಅಕ್ಷಮ್ಯ ಬ್ರಾಡ್‌ಬ್ಯಾಂಡ್

ದಾಮೋದರ ಭಟ್ಟರು ಯಾವ ವಸ್ತುವನ್ನೂ ಸುಮ್ಮನೆ ಮನೆಗೆ ತಂದವರಲ್ಲ. ಮಿಕ್ಸಿ ಆರಿಸಲು ನಾಲ್ಕು ತಿಂಗಳು ತೆಗೆದುಕೊಂಡರು. ಅಷ್ಟರಲ್ಲಿ ಅವರು ಒಪ್ಪಿದ ಮಾದರಿಯನ್ನು ಕಂಪನಿಯವರು ತಯಾರಿಸುವುದನ್ನೇ ನಿಲ್ಲಿಸಿದ್ದರು. ಹಸು ತರುವ ಮೊದಲು ಅದರ ಅಜ್ಜಿ ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸಿದ್ದರು. ಇಡೀ ಬದುಕಿನಲ್ಲಿ ಅವರು ಒಂದೇ ಸಲ ನೋಡಿ ಒಪ್ಪಿಕೊಂಡದ್ದೆಂದರೆ ಹೆಂಡತಿ ತ್ರಿಪುರಸುಂದರಿಯನ್ನು. (ಆ ಆಯ್ಕೆ ಹೇಗಾಯಿತು ಎಂದು ಯಾರಾದರೂ ಕೇಳಿದರೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, 'ಅತ್ಯುತ್ತಮ' ಎನ್ನುತ್ತಿದ್ದರು.)

ಇಂಥವರಿಗೆ ೨೦೦೮ರ ಮೇ ತಿಂಗಳಲ್ಲಿ ಮನೆಗೊಂದು ಬ್ರಾಡ್‌ಬ್ಯಾಂಡ್ ಬೇಕಾಯಿತು. ಕಾರಣ, ಮಳೆ. ಭಟ್ಟರ ಅಂಗಳದಲ್ಲಿ, ತುಳಸಿಕಟ್ಟೆಯಿಂದ ಹತ್ತು ಹೆಜ್ಜೆ ಆಚೆ, ಕಲ್ಲುಚಪ್ಪಡಿಯ ಮೇಲೆ ತಾಮ್ರದ ಮಳೆಮಾಪಕ ಕೂತಿತ್ತು. ಬೆಳಿಗ್ಗೆ ಸರಿಯಾಗಿ ಎಂಟು ಗಂಟೆಗೆ ಅದರಲ್ಲಿ ಸೇರಿದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಎಷ್ಟು, ಇಂಚಿನ ನೂರನೇ ಭಾಗವಾದ ಸೆಂಟ್ ಎಷ್ಟು ಎಂದು ಪುಸ್ತಕದಲ್ಲಿ ಬರೆಯುವುದು ಕಾಫಿ ಬೆಳೆಗಾರರಾದ ಅವರ ಇಪ್ಪತ್ತಮೂರು ವರ್ಷಗಳ ವ್ರತ. ಏಳು ಐವತ್ತೊಂಬತ್ತಕ್ಕೆ ಅಳೆದವರಲ್ಲ. ಒಂದೇ ಒಂದು ದಿನ ಅಂದಾಜಿನಲ್ಲಿ ಬರೆದವರಲ್ಲ. ಆದರೆ ಆ ಇಪ್ಪತ್ತಮೂರು ಪುಸ್ತಕಗಳನ್ನು 'ಕೊಡಿ, ನೋಡುವ' ಎಂದು ಈವರೆಗೆ ಒಬ್ಬರೂ ಕೇಳಿರಲಿಲ್ಲ.

ಈಗ ಬೆಳೆಗಾರರ ಸಂಘ ಕೇಳಿತ್ತು. ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ, ನೂರ ಇಪ್ಪತ್ತೆರಡು ದಿನ, ಒಂದು ದಿನವೂ ತಪ್ಪದೆ, ಬೆಳಿಗ್ಗೆ ಎಂಟೂವರೆಯೊಳಗೆ ಇ-ಮೇಲ್‌ನಲ್ಲಿ ಮಳೆಯ ಅಳತೆ ಕಳಿಸಿದವರಿಗೆ ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿ ಸನ್ಮಾನವಂತೆ. ಜಾವಳಿ ಊರಿನ ಬೆಳೆಗಾರ ಮಲ್ಲಿಕಾರ್ಜುನಪ್ಪ ಆಗಲೇ ಇಂಟರ್ನೆಟ್ ಹಾಕಿಸಿಕೊಂಡು, ಆ ವಿಷಯವನ್ನು ಎರಡೆರಡು ಸಲ ಫೋನ್ ಮಾಡಿ ತಿಳಿಸಿದ್ದರು. ಭಟ್ಟರಿಗೆ ಆ ಶಾಲು ಬೇಕೇ ಬೇಕಿತ್ತು.

"ಮನೇಲಿ ನಾಲ್ಕು ಶಾಲು ಉಂಟಲ್ಲ ಮಾರಾಯ್ರೇ," ಎಂದರು ತ್ರಿಪುರಸುಂದರಮ್ಮ.

"ಅವು ಕೊಂಡದ್ದು. ಇದು ಹೊದಿಸುವುದು," ಎಂದು ಭಟ್ಟರು ಮಳೆ ಪುಸ್ತಕದ ಹಿಂದಿನ ಪುಟ ತೆರೆದು ಗೆರೆ ಎಳೆಯತೊಡಗಿದರು.

ಕಣದಲ್ಲಿ ಮೂವರು ಅಭ್ಯರ್ಥಿಗಳಿದ್ದರು. ತಂತಿಯಲ್ಲಿ ಬರುವ ಭದ್ರಾ ಬ್ರಾಡ್‌ಬ್ಯಾಂಡ್, ಟಿವಿ ಕೇಬಲಿನ ಜೊತೆ ಬರುವ ಮಲೆಸಿರಿ ನೆಟ್, ಗಾಳಿಯಲ್ಲಿ ಬರುವ ವಾಯುವೇಗ. ಭಟ್ಟರು ಮೂರೂ ಕಚೇರಿಗಳಿಗೆ ಮೂವತ್ತೊಂದು ಪ್ರಶ್ನೆಗಳ ಪತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಒಂಬತ್ತನೆಯ ಪ್ರಶ್ನೆ: 'ತಂತಿಯ ಮೇಲೆ ಮರ ಬಿದ್ದಲ್ಲಿ ತಮ್ಮ ಸಂಸ್ಥೆಯ ನಿಲುವೇನು?' ಉತ್ತರ ಬರದಿದ್ದಾಗ ಫೋನ್ ಮಾಡಿದರು. ಎಲ್ಲೋ ದೂರದ ಊರಿನ ಹುಡುಗಿಯೊಬ್ಬಳು ಮನೆ ಹತ್ತಿರ ಏನಾದರೂ ಗುರುತು ಇದೆಯಾ ಎಂದು ಕೇಳಿದಳು. ಭಟ್ಟರು 'ಭದ್ರಾ ನದಿ' ಎಂದರು. ಅದು ಎಷ್ಟನೇ ಕ್ರಾಸ್ ಎಂದು ಕೇಳಿದಳು.

ಆಮೇಲೆ ಖುದ್ದು ಸಮೀಕ್ಷೆ. ವಾಯುವೇಗ ಹಾಕಿಸಿಕೊಂಡಿದ್ದ ವಿಮಲಮ್ಮ, "ತುಂಬಾ ಫಾಸ್ಟ್ ಭಟ್ರೇ, ಆದ್ರೆ ನೀರಿನ ಟ್ಯಾಂಕ್ ಹತ್ತಿ ಕೂತ್ಕೊಳ್ಬೇಕು," ಎಂದರು. ಮಲೆಸಿರಿಯ ಗ್ರಾಹಕರೊಬ್ಬರು ಧಾರಾವಾಹಿ ಮುಗಿದ ಮೇಲೆ ಚೆನ್ನಾಗಿ ಬರುತ್ತದೆ ಎಂದರು. ಹೀಗೆ ಅಂಕಗಳನ್ನು ಕೂಡಿಸಿ ಕಳೆದು, ನೂರಕ್ಕೆ ಎಂಬತ್ತೊಂದು ಪಡೆದ ಭದ್ರಾ ಬ್ರಾಡ್‌ಬ್ಯಾಂಡ್ ಪ್ರಥಮ ದರ್ಜೆಯಲ್ಲಿ ಉತ್ತೀರ್ಣವಾಯಿತು.

"ಹೆಸರಲ್ಲೇ ಭದ್ರ ಉಂಟು ನೋಡು," ಎಂದು ಭಟ್ಟರು ಬೀಗಿದರು.

"ಭದ್ರಾ ಹೊಳೆಗೂ ಅದೇ ಹೆಸರು. ವರ್ಷ ವರ್ಷ ಹೆಬ್ಬಾಳೆ ಸೇತುವೆ ಮುಳುಗಿಸೋದಿಲ್ವಾ? ಅದೆಲ್ಲ ಇರ್ಲಿ, ಕಂಬ ಹತ್ತುವವ ಯಾರು ಅಂತ ಕೇಳಿದ್ರಾ?"

"ಕಂಪನಿ ನೋಡ್ಬೇಕು ಕಣೇ, ಕಂಬ ಅಲ್ಲ."

ಕಂಬ ಹತ್ತಲು ಬಂದವನು ನಾಗೇಶ. ಹೊಳೆಯ ಈಚೆಗೇ ಮನೆ, ಹೆಗಲ ಮೇಲೆ ಅಲ್ಯುಮಿನಿಯಂ ಏಣಿ, ಮಾತು ಕಡಿಮೆ. ಭಟ್ಟರು ಅವನ ಹಿಂದೆ ಮುಂದೆ ತಿರುಗಿ, ಮೊಳೆ ಎಲ್ಲಿ ಹೊಡೆಯಬೇಕು, ತಂತಿ ಎಷ್ಟು ಬಾಗಬೇಕು ಎಂದು ಉಪದೇಶ ಮಾಡಿದರು. ಕೆಲಸ ಪರೀಕ್ಷಿಸುವವರೆಗೆ ಕಾಫಿ ಕೊಡಕೂಡದೆಂದು ಅಡುಗೆಮನೆಗೆ ಆಜ್ಞೆಯನ್ನೂ ಹೊರಡಿಸಿದರು. (ಅಡುಗೆಮನೆ ಹಿತ್ತಿಲ ಬಾಗಿಲಲ್ಲಿ ಅವನಿಗೆ ನಾಲ್ಕು ನೀರುದೋಸೆ, ಚಟ್ನಿ, ದೊಡ್ಡ ಲೋಟ ಕಾಫಿ ಕೊಟ್ಟು ಆಗಿತ್ತು.)

ಎಂಟು ದಿನ ಮಳೆಯ ಅಳತೆ ಮಹಾರಾಜನಂತೆ ಹೋಯಿತು. ಒಂಬತ್ತನೆಯ ದಿನ ಗಾಳಿಗೆ ಕೊಂಬೆ ಬಿದ್ದು ತಂತಿ ಹರಿಯಿತು. ಭಟ್ಟರು ಅಳತೆ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಜೀಪು ಹಿಡಿದು ಕಳಸದ ಸೈಬರ್ ಸೆಂಟರಿಗೆ ಓಡಿ, ಎಂಟು ಇಪ್ಪತ್ತೆಂಟಕ್ಕೆ ಮೇಲ್ ಕಳಿಸಿ ವ್ರತ ಉಳಿಸಿಕೊಂಡರು. ಮಾರನೆಯ ಬೆಳಿಗ್ಗೆಯೂ ಅದೇ ಓಟ. ನಾಗೇಶ ಬಂದದ್ದು ಆ ಮಧ್ಯಾಹ್ನ. ಅಷ್ಟರಲ್ಲಿ ಭಟ್ಟರು ಭದ್ರಾ ಕಚೇರಿಗೆ ಮೂರು ಪುಟದ ದೂರು ಬರೆದು ಪೋಸ್ಟ್ ಮಾಡಿದ್ದರು. 'ತಮ್ಮ ನೌಕರನಾದ ನಾಗೇಶನೆಂಬಾತನ ವಿಳಂಬವು ಅಕ್ಷಮ್ಯವಾದುದಾಗಿದ್ದು' ಎಂಬ ವಾಕ್ಯವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದ್ದರು.

ಸಿಟ್ಟು ಅಲ್ಲಿಗೆ ನಿಲ್ಲಲಿಲ್ಲ. ಭದ್ರಾವನ್ನು ಬಿಟ್ಟು ದ್ವಿತೀಯ ಸ್ಥಾನದ ಮಲೆಸಿರಿಗೆ ಹೇಳಿಕಳಿಸಿದರು. ಒಂದು ವಾರದ ನಂತರ ಮಳೆಕೋಟು ಹೊದ್ದ ಆಸಾಮಿಯೊಬ್ಬ ಅಂಗಳಕ್ಕೆ ಬಂದ. ಕೋಟಿನ ಟೋಪಿ ಹಿಂದೆ ಸರಿಸಿದ. ನಾಗೇಶ.

"ನೀನು ಭದ್ರಾದವನಲ್ವನೋ?"

"ಹೌದು ಭಟ್ರೇ. ಅದು ಬೆಳಿಗ್ಗೆ. ಮಧ್ಯಾಹ್ನದ ಮೇಲೆ ಮಲೆಸಿರಿ."

"ಹಾಗಾದ್ರೆ ವಾಯುವೇಗ?" ಭಟ್ಟರ ಧ್ವನಿ ಕ್ಷೀಣವಾಗಿತ್ತು.

"ಅದು ಭಾನುವಾರ. ಹೊಳೆ ಈಚೆ ಏಣಿ ಇರೋದು ನನ್ನ ಹತ್ರ ಮಾತ್ರ ಅಲ್ವಾ?"

ಮೂವತ್ತೊಂದು ಪ್ರಶ್ನೆಗಳಲ್ಲಿ ಏಣಿಯ ಬಗ್ಗೆ ಒಂದೂ ಇರಲಿಲ್ಲವೆಂಬುದು ಭಟ್ಟರಿಗೆ ಆಗ ಹೊಳೆಯಿತು. ಬಾಗಿಲಿಗೆ ಒರಗಿ ನಿಂತಿದ್ದ ತ್ರಿಪುರಸುಂದರಮ್ಮ ಕಂಬದ ತುದಿಯನ್ನೊಮ್ಮೆ ನೋಡಿದರು. ಅದೇ ಭಟ್ಟರನ್ನು ಹೆಚ್ಚು ಉರಿಸಿತು.

ನಾಗೇಶ ತಂತಿ ಬಿಚ್ಚುತ್ತಾ, ನೆನಪಾದವನಂತೆ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಭಟ್ಟರದೇ ಅಕ್ಷರ. ಮೇಲೆ ಕಚೇರಿಯವರು ಕೆಂಪು ಶಾಯಿಯಲ್ಲಿ 'ಸೂಕ್ತ ಕ್ರಮಕ್ಕಾಗಿ ಸ್ಥಳೀಯ ಪ್ರತಿನಿಧಿಗೆ' ಎಂದು ಬರೆದಿದ್ದರು. ಸ್ಥಳೀಯ ಪ್ರತಿನಿಧಿ ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ನನ್ನ ಹೆಸರು ಹಾಕಿ ಪತ್ರ ಬರೆದಿದ್ದೀರಂತೆ. ಎಲ್ಲ ಓದಿದೆ. ಒಂದು ಶಬ್ದ ಗೊತ್ತಾಗ್ಲಿಲ್ಲ. ಈ 'ಅಕ್ಷಮ್ಯ' ಅಂದ್ರೆ ಎಂತ ಭಟ್ರೇ?"

ಭಟ್ಟರು ಏಣಿಯನ್ನು ನೋಡಿದರು. ಆಕಾಶವನ್ನು ನೋಡಿದರು. ಇನ್ನೂ ನೂರಕ್ಕೂ ಮಿಕ್ಕ ದಿನಗಳ ಮಳೆ ಅಲ್ಲಿ ಕಾದು ನಿಂತಿತ್ತು.

"ಅಂದ್ರೆ... ಬಹಳ ಒಳ್ಳೆಯದು. ಸಾಮಾನ್ಯರಿಗೆ ಸಾಧ್ಯವಿಲ್ಲದ್ದು ಅಂತ."

"ಹೌದಾ? ಹಾಗಾದ್ರೆ ಪತ್ರ ಇಟ್ಕೊಳ್ತೇನೆ," ಎಂದು ನಾಗೇಶ ಅದನ್ನು ಜೋಪಾನವಾಗಿ ಮಡಿಸಿದ. ಬಾಗಿಲಲ್ಲಿ ತ್ರಿಪುರಸುಂದರಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಅಂದಿನಿಂದ ನಾಗೇಶನಿಗೆ ಮುಂಬಾಗಿಲಲ್ಲೇ ಕಾಫಿ. ಮಲೆಸಿರಿಯ ನೆಟ್ಟೂ ಆಶ್ಚರ್ಯಕರವಾಗಿ ನಡೆಯಿತು. ಜುಲೈ ಬಂತು. ಮಲ್ಲಿಕಾರ್ಜುನಪ್ಪನವರ ಸರಪಳಿ ನಲವತ್ತನೆಯ ದಿನ ತುಂಡಾದ ಸುದ್ದಿ ಬಂದಾಗ ಭಟ್ಟರು ಫೋನಿನಲ್ಲಿ ಅತ್ಯಂತ ದುಃಖದಿಂದ ಮಾತಾಡಿ, ಆಮೇಲೆ ಎರಡು ಹೋಳಿಗೆ ಹೆಚ್ಚು ತಿಂದರು.

ಎಪ್ಪತ್ತಮೂರನೆಯ ದಿನ ಆಶ್ಲೇಷಾ ಮಳೆ ರಾತ್ರಿಯಿಡೀ ಸುರಿದು ಬೆಳಗಿನ ಹೊತ್ತಿಗೆ ನಿಂತಿತು. ಏಳು ಗಂಟೆಗೆ ನೋಡಿದರೆ ಮೋಡೆಮಿನ ಹಸಿರು ದೀಪ ಇಲ್ಲ. ಹೆಬ್ಬಾಳೆ ಸೇತುವೆ ಮುಳುಗಿದ್ದರಿಂದ ಕಳಸಕ್ಕೆ ಹೋಗುವ ದಾರಿಯೂ ಇಲ್ಲ. ಅದು ಅಂತಿಂಥ ಮಳೆಯಲ್ಲ. ಇಪ್ಪತ್ತಮೂರು ಪುಸ್ತಕಗಳಲ್ಲಿ ಎಲ್ಲೂ ಬರೆಯದ ಮಳೆ. ಭಟ್ಟರು ಮೋಡೆಮನ್ನು ಎರಡು ಸಲ ತಟ್ಟಿ ನೋಡಿದರು.

"ನಾಗೇಶನಿಗೆ ಫೋನ್ ಮಾಡಿ ಆಯ್ತು, ಬರ್ತಿದ್ದಾನೆ," ಎಂದರು ತ್ರಿಪುರಸುಂದರಮ್ಮ. ಅವನ ನಂಬರು ಅವರಿಗೆ ಬಾಯಿಪಾಠವಾಗಿತ್ತು.

ಏಳೂ ಮುಕ್ಕಾಲಿಗೆ ನಾಗೇಶ ಬಂದ. ಅಂಗಳದಂಚಿನ ಕಂಬಕ್ಕೆ ಏಣಿ ಒರಗಿಸಿ, "ನೆಲ ಜಾರ್ತದೆ. ಯಾರಾದ್ರೂ ಹಿಡ್ಕೊಳ್ಬೇಕು," ಎಂದ. ಉಪದೇಶ ಮಾಡಲು ಬಾಯಿ ತೆರೆದಿದ್ದ ಭಟ್ಟರು ಬಾಯಿ ಮುಚ್ಚಿ, ಪಂಚೆ ಮೇಲೆತ್ತಿ ಕಟ್ಟಿ, ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತರು. ಮೇಲಿನಿಂದ ತೊಟ್ಟಿಕ್ಕುತ್ತಿದ್ದ ನೀರು ಅವರ ಕತ್ತಿನೊಳಗೆ ಇಳಿಯಿತು. ಎಂಟಕ್ಕೆ ಮೂರು ನಿಮಿಷ ಇದೆ ಎನ್ನುವಾಗ ನಾಗೇಶ ಇಳಿದು ಬಂದ. ಒಳಗಿನಿಂದ ತ್ರಿಪುರಸುಂದರಮ್ಮ ಕೂಗಿದರು.

"ಬಂತು ಮಾರಾಯ್ರೇ! ಹಸಿರು ದೀಪ ಬಂತು!"

ಭಟ್ಟರು ಮದುವೆಯ ದಿನವೂ ಅಷ್ಟು ಹಿಗ್ಗಿರಲಿಲ್ಲ. "ಭೇಷ್!" ಎಂದು ಏಣಿ ಬಿಟ್ಟು, ಕಿಟಕಿಯಲ್ಲಿ ಆ ದೀಪವನ್ನು ಕಣ್ಣಾರೆ ಕಾಣಲೆಂದು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರು. ನಾಲ್ಕನೆಯ ಹೆಜ್ಜೆಗೆ ಕಾಲಿಗೆ ಏನೋ ತಾಗಿತು. ಠಣಾರೆಂದಿತು.

ಮಳೆಮಾಪಕ ಚಪ್ಪಡಿಯಿಂದ ಉರುಳಿ ಅಡ್ಡ ಬಿದ್ದಿತ್ತು. ಇಡೀ ರಾತ್ರಿಯ ಐತಿಹಾಸಿಕ ಮಳೆ ಅಂಗಳದ ನೀರಿನ ಜೊತೆ ಸೇರಿ ನಿಧಾನವಾಗಿ ಭದ್ರೆಯ ಕಡೆಗೆ ಹೊರಟಿತ್ತು.

ಗೋಡೆ ಗಡಿಯಾರ ಎಂಟು ಹೊಡೆಯಿತು. ಒಳಗೆ ನೆಟ್ ಎಂದೂ ಇಲ್ಲದ ವೇಗದಲ್ಲಿ ಓಡುತ್ತಿತ್ತು. ಕಳಿಸಲು ಅಂಕಿ ಇರಲಿಲ್ಲ.

"ಅಂದಾಜು ಒಂದು ಬರೀರಿ. ಯಾರಿಗೆ ಗೊತ್ತಾಗ್ತದೆ?" ಎಂದು ಹೊರಗೆ ಬಂದ ತ್ರಿಪುರಸುಂದರಮ್ಮ ಮೆಲ್ಲಗೆ ಹೇಳಿದರು.

"ನನಗೆ ಗೊತ್ತಾಗ್ತದಲ್ಲೇ," ಎಂದರು ಭಟ್ಟರು. ಶಾಲು ಹೋಗಿತ್ತು.

ಏಣಿ ಮಡಿಸುತ್ತಿದ್ದ ನಾಗೇಶ ಉರುಳಿದ ಮಾಪಕವನ್ನು ನೋಡಿದ, ಒದ್ದೆಯಾಗಿ ನಿಂತ ಭಟ್ಟರನ್ನು ನೋಡಿದ. ಏನಾದರೂ ಸಮಾಧಾನದ ಮಾತು ಹೇಳಬೇಕೆನಿಸಿತೋ ಏನೋ. (ಅವನಿಗೆ ಆ ಶಬ್ದದ ಅರ್ಥ ಮೊದಲೇ ಗೊತ್ತಿತ್ತೇ ಎಂಬುದು ಭಟ್ಟರಿಗೆ ಇವತ್ತಿಗೂ ಬಗೆಹರಿದಿಲ್ಲ.)

"ಬೇಜಾರು ಮಾಡ್ಬೇಡಿ ಭಟ್ರೇ. ಏಣಿ ಮಾತ್ರ ಚೆನ್ನಾಗಿ ಹಿಡಿದ್ರಿ," ಎಂದ. "ನಿಮ್ಮ ಇವತ್ತಿನ ಕೆಲಸ ಅಕ್ಷಮ್ಯ!"