ಕಾಲಿಲ್ಲದ ಎತ್ತು, ಜರಿಯ ಸಿಂಬಿ

ಇದರಾಗಿನ ಒಂದೊಂದು ಮಾತೂ ಖರೇ, ನನ್ನ ಮೀಸಿ ಮ್ಯಾಲ ಆಣಿ. ಮಕ್ಕಳನ್ನ ಸಾಕೋದರಾಗ ಔರಾದ ತಾಲೂಕಿನಾಗೇ ನನ್ನ ಸರಿಸಾಟಿ ಯಾರಿಲ್ಲ. ಅದಕ್ಕೇ ಇಂಥವೆಲ್ಲ ನನ್ನ ಮನಿಯಾಗೇ ನಡೀತಾವ. ಬರದ ವರ್ಷ ಅಣ್ಣ, ವೈನಿ ಕಟ್ಟಡದ ಕೆಲಸಕ್ಕ ಹೈದರಾಬಾದಿಗೆ ಹೋದರು. ಹತ್ತು ವರ್ಷದ ದೊಡ್ಡಾಕಿ, ಮೂರು ವರ್ಷದ ಸಣ್ಣಾಕಿ, ಇಬ್ಬರನ್ನೂ ಸಂತಪುರದಾಗ ನನ್ನ ಹತ್ರ ಬಿಟ್ಟರು. ಅಳು ನಿಲ್ಲವಲ್ದು. "ಕೈಯಾರೆ ಏನರೆ ಮಾಡಿ ಕಳಸ್ರಿ, ಅವ್ವ ಓಡಿ ಬರ್ತಾಳ" ಅಂತ ಬುರುಡಿ ಬಿಟ್ಟೆ. ನಂಬಿಬಿಟ್ಟವು.

೧. ಎತ್ತು

ಮಣ್ಣೆತ್ತಿನ ಅಮವಾಸಿ ಬಂತು. ಮಣ್ಣು ಊರ ತುಂಬ, ನೀರಿಲ್ಲ. ಮುಖ ತೊಳೆದ ನೀರನ್ನೇ ಹಿಡಿದಿಟ್ಟು ಕಲಸಿದಿವಿ. ನನ್ನ ಮುಖದ ನೀರು, ಅದಕ್ಕೇ ಎತ್ತು ಅಷ್ಟು ಚೆಂದ ಬಂದವು. ಅಪ್ಪಗ ಮುಟ್ಟಸ್ರಿ ಅಂತ ಹೈದರಾಬಾದ್ ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟಿವಿ. ಮರುದಿನ ಅಣ್ಣನ ಫೋನು: "ಎತ್ತು ಮುಟ್ಯಾವ. ಒಂದಕ್ಕೂ ಕಾಲಿಲ್ಲ."

ಬರದಾಗ ಮನಿಯ ಜೋಡೆತ್ತು ಮಾರಾಟಕ್ಕ ಭಾಲ್ಕಿ ಸಂತಿಗಿ ಹೋದದ್ದನ್ನ ದೊಡ್ಡಾಕಿ ಕಂಡಿದ್ದಳು. "ಚಲೋ ಆತು ಬಿಡಪ್ಪಾ," ಅಂದಳು, "ಇವನ್ನ ಯಾರೂ ಸಂತಿಗಿ ಹೊಡಕೊಂಡು ಹೋಗಲ್ಲ."

೨. ಸಿಂಬಿ

ಇಟ್ಟಂಗಿ ಹೊತ್ತು ಹೊತ್ತು ವೈನಿ ನೆತ್ತಿ ಕೂದಲು ಉದುರಿದವಂತ. ಬುಟ್ಟಿ ಕೆಳಗ ತಲಿ ಮ್ಯಾಲಿಡೋ ಸಿಂಬಿ ಮಾಡಲಿಕ್ಕ ದೊಡ್ಡಾಕಿ ಕೂತಳು. ಅಳತಿಗಿ ನನ್ನ ತಲಿ ಕೊಟ್ಟೆ. ಬೀದರಿನ ಗುಮ್ಮಟಕ್ಕೇ ಅಳತಿ ಕೊಡುವಂಥ ತಲಿ ಇದು. ಬಟ್ಟಿ ಎಲ್ಲಿಂದ ಬಂತಂತ ಕೇಳಲಿಲ್ಲ.

ಸಿಂಬಿನೂ ಅದೇ ಬಸ್ಸಿಗೆ ಹೋತು. ಮುಟ್ಟಿದ ಮ್ಯಾಲ ವೈನಿ ಫೋನಿನಾಗ ದೊಡ್ಡಾಕಿನ್ನ ಕೇಳಿದಳು: "ಜರಿ ಕಾಣಸ್ತದಲ್ಲ, ಯಾವ ಬಟ್ಟಿ ಇದು?"

"ಟ್ರಂಕಿನಾಗಿಂದವ್ವ. ನಿನ್ನ ಮದಿವಿ ಸೀರಿ. ಮೆತ್ತಗಿತ್ತು."

ವೈನಿ ಅಂದಳು: "ಗ್ವಾಡಿ ಕಟ್ಟೋ ಗೌಂಡಿ ನನಗ ಕೈ ಮುಗದಾನವ್ವ. ಜರಿ ಮ್ಯಾಲ ಇಟ್ಟಂಗಿ ಹೊರೋ ಮಹಾರಾಣಿ ಇಡೀ ಹೈದರಾಬಾದಿನಾಗ ನಾನೊಬ್ಬಾಕಿನೇ."

೩. ಸರ

ದೀಪಾವಳಿಗಿ ವೈನಿ ಬರ್ತಾಳಂತ ಸುದ್ದಿ ಬಂತು. ನನ್ನ ಬುರುಡಿ ಖರೇ ಆತಂತ ಊರೆಲ್ಲ ಹೇಳಿಕೋತ ತಿರುಗಿದೆ. ದೊಡ್ಡಾಕಿ ಸೀತಾಫಲದ ಬೀಜಕ್ಕ ತೂತು ಹಾಕಿ ಕೊಟ್ಟಳು, ಸಣ್ಣಾಕಿ ಪೋಣಿಸಿ ಅವ್ವಗ ಸರ ಮಾಡಿದಳು. ಎರಡೂ ಕೈಯಾಗ ಹಿಡಕೊಂಡು ಬಸ್ ನಿಲ್ದಾಣದಾಗ ನಿಂತಳು.

ವೈನಿ ಇಳಿದಳು. ಕಪ್ಪಗಾಗಿ, ಸೊರಗಿ, ತಲಿಗಿ ಬಿಗಿಯಾಗಿ ಬಟ್ಟಿ ಸುತ್ತಿಕೊಂಡು. ಸರ ನೋಡಿ ಕೈ ಚಾಚಿದಳು.

ಸಣ್ಣಾಕಿ ಸರ ಬೆನ್ನ ಹಿಂದ ಮುಚ್ಚಿಟ್ಟು, ನಾ ಕಲಿಸಿದ ಮರ್ಯಾದಿಲೇ ಅಂದಳು: "ಇದು ನಮ್ಮವ್ವಂದ್ರಿ. ನೀವು ಇಲ್ಲೇ ಕೂಡ್ರಿ, ಆಕಿ ಬರ್ತಾಳ."

"ಹೌದ್ರಿ," ಅಂದು ವೈನಿ ಕಟ್ಟಿ ಮ್ಯಾಲ ಕೂತಳು. ಮಗಳ ಜೋಡಿ ತಾನೂ ಬಸ್ಸಿನ ಹಾದಿ ನೋಡಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕಿವಿ.

ಎಲ್ಲಾ ನಡದದ್ದೇ ಬರದೀನಿ. ನಕ್ಕಿವಿ ಅಂದದ್ದೊಂದು ಮಾತ್ರ ನಾ ಸೇರಿಸಿದ್ದು.