ಹಿತ್ತಿಲ ರೈಲಿಗೆ ಹೊಳಲೂರು ಸ್ಟೇಷನ್

ಉಜ್ಜನಪ್ಪ: ಅದೆಲ್ಲ ಸರಿ, ಹೊಳಲೂರು ಎಲ್ಲಿ?

ಚಂದ್ರಶೇಖರಪ್ಪ: ಹೊಳಲೂರು ಹೊಳಲೂರಲ್ಲೇ ಇದೆ. ಇಲ್ಲಿ ಯಾಕಿರುತ್ತೆ?

ಉಜ್ಜನಪ್ಪ: ಬಾಗಿಲ ಹತ್ರ ಶಿವಮೊಗ್ಗ ಇದೆ, ಬಾವಿ ಹತ್ರ ಭದ್ರಾವತಿ ಇದೆ, ಆ ಸೀಬೆಗಿಡದ ಬುಡದಲ್ಲಿ ಮಲವಗೊಪ್ಪಾನೂ ಇದೆ. ನಮ್ಮೂರೊಂದು ಇಲ್ಲ. ಮರೆತ್ರೋ, ಬೇಕಂತಲೇ ಬಿಟ್ರೋ?

ಹಿತ್ತಿಲ ಬಾಗಿಲಲ್ಲಿ ಎಲೆ-ಅಡಿಕೆ ತಟ್ಟೆ ಹಿಡಿದು ನಿಂತಿದ್ದ ಲಿಂಗಮ್ಮ, ಸುಮ್ಮನಿರಿ ಎಂದು ಗಂಡ ಚಂದ್ರಶೇಖರಪ್ಪನಿಗೆ ಕಣ್ಸನ್ನೆ ಮಾಡಿದಳು.

ಹೊಳಲೂರಿನ ಜಮೀನುದಾರ ಉಜ್ಜನಪ್ಪ ಅವತ್ತು ಶಿವಮೊಗ್ಗಕ್ಕೆ ಬಂದದ್ದು ರೈಲು ನೋಡುವುದಕ್ಕಲ್ಲ. ಮಗಳು ಜಯಶೀಲೆಯನ್ನು ಲಿಂಗಮ್ಮನ ಮಗ ಹಾಲಸ್ವಾಮಿಗೆ ಕೊಡುವ ಮಾತು ಮುಗಿಸಿ, ಎಲೆ-ಅಡಿಕೆ ಬದಲಾಯಿಸಿ, ಬಾಯಿಗೆ ಸಕ್ಕರೆ ಹಾಕಿಸಿಕೊಂಡು ಹೋಗುವುದಕ್ಕೆ. ಎಲೆ-ಅಡಿಕೆ ಕೈ ಬದಲಾಗುವವರೆಗೆ ಯಾರು ಬೇಕಾದರೂ ಎದ್ದು ಹೋಗಬಹುದು. ಬದಲಾದ ಮೇಲೆ ಮಾತು ಮಾತೇ. ಹಾಲಸ್ವಾಮಿಯೋ ತೋರಿಸಿದ ಹುಡುಗಿಯರಿಗೆಲ್ಲ ಒಂದೊಂದು ಕೊಂಕು ತೆಗೆದವನು. ಈ ಹುಡುಗಿಯನ್ನು ನೋಡಿ ಬಂದ ದಿನ ಮಾತ್ರ ತುಟಿ ಬಿಚ್ಚದೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿದ್ದ. ಇವಳೂ ಕೈ ತಪ್ಪಿದರೆ ಈ ಮನೆಯಲ್ಲಿ ಮದುವೆ ಅನ್ನುವುದೇ ಇಲ್ಲ ಎಂದು ಲಿಂಗಮ್ಮ ತೀರ್ಮಾನಿಸಿದ್ದಳು. ಹೆಣ್ಣಿನಪ್ಪನಿಗೆ ಕೈಕಾಲು ತೊಳೆಯಲು ಹಿತ್ತಿಲು ತೋರಿಸಿದ್ದೇ ತಪ್ಪಾಯಿತು. ಅಲ್ಲಿ ಗಂಡನ ರೈಲಿತ್ತು.

ಚಂದ್ರಶೇಖರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತನಾಗಿ ಮನೆಗೆ ಬಂದವನು. ಹಾಗೆ ಮನೆಗೆ ಬಂದ ಗಂಡಸು ಪೂಜೆ ಮಾಡಿಕೊಂಡಿರಬೇಕು, ಇಲ್ಲವೇ ಜಗುಲಿಯ ಮೇಲೆ ಕೂತು ಊರವರ ಸುದ್ದಿ ಆಡಬೇಕು. ಇವನು ಹಿತ್ತಿಲಲ್ಲಿ ರೈಲು ಕಟ್ಟಿದ. ಮೂಟೆ ಬಿಗಿಯುವ ಕಬ್ಬಿಣದ ಪಟ್ಟಿ ಹಿತ್ತಿಲನ್ನೊಂದು ಸುತ್ತು ಬರುವ ಹಳಿಯಾಯಿತು, ಒಲೆಗೆಂದು ತಂದ ಸೌದೆಯ ಸೀಳು ಸ್ಲೀಪರ್ ಆಯಿತು, ಲಿಂಗಮ್ಮನ ತವರಿನ ಹಿತ್ತಾಳೆ ತಂಬಿಗೆ ಎಂಜಿನ್ನಿನ ಹೊಟ್ಟೆಯಾಯಿತು. ಹೊಟ್ಟೆಯ ಕೆಳಗೊಂದು ಸ್ಪಿರಿಟ್ ದೀಪ. ಅವಳ ಹಸಿರು ರವಿಕೆ ಕಣವೊಂದು ಬಾವುಟವಾಗಿ ಸದಾ ಅವನ ಕಂಕುಳಲ್ಲಿರುತ್ತಿತ್ತು. ತಲೆ ನರೆತ ಗಂಡಸು ಬಾವುಟ ಬೀಸಿ ಸೀಟಿ ಊದುವುದನ್ನು ನೋಡುವಾಗಲೆಲ್ಲ, ತಾನು ಹಿಂದಿನ ಜನ್ಮದಲ್ಲಿ ಯಾರಿಗೆ ಏನು ಮಾಡಿದ್ದೆನೋ ಎಂದು ಅವಳಿಗೆ ಅನ್ನಿಸುತ್ತಿತ್ತು.

ಚಂದ್ರಶೇಖರಪ್ಪ: ನೋಡಿ ಉಜ್ಜನಪ್ಪನೋರೆ, ಇದು ಆಟದ ಸಾಮಾನಲ್ಲ. ಸರ್ಕಾರದ ಲೈನ್ ಹೆಂಗಿದೆಯೋ ಹಂಗೇ ಹಾಕಿದೀನಿ. ರೈಲೇ ಇಲ್ಲದ ಊರಿಗೆ ಸ್ಟೇಷನ್ ಕಟ್ಟಿದ್ರೆ ನೋಡಿದೋರು ನಗಲ್ವಾ?

ಈಗ ನಗದೆ ಇರುವವರು ಯಾರು ಎಂದು ಲಿಂಗಮ್ಮ ಮನಸ್ಸಿನಲ್ಲೇ ಕೇಳಿಕೊಂಡಳು.

ಉಜ್ಜನಪ್ಪನಿಗೆ ಹಳೆಯ ಹೊಟ್ಟೆಯುರಿ ಎದ್ದುಬಂತು. ರೈಲು ಬೇಕೆಂದು ಹೊಳಲೂರಿನವರು ಎಷ್ಟು ಸಲ ಅರ್ಜಿ ಹಾಕಿದ್ದು, ಯಾರೋ ಸಾಹೇಬರು ಬಂದು ಹೊನ್ನಾಳಿ ರಸ್ತೆಯನ್ನು ಅಳೆದು, ತನ್ನ ಮನೆಯಲ್ಲೇ ಹೋಳಿಗೆ ಉಂಡು, ಆಮೇಲೆ ಈ ಕಡೆ ತಲೆ ಹಾಕದೆ ಇದ್ದದ್ದು, ಎಲ್ಲವನ್ನೂ ಮೊದಲಿಂದ ಹೇಳಿದ. ಚಂದ್ರಶೇಖರಪ್ಪ ಅದನ್ನು ಕೇಳುವ ಬದಲು ಬಗ್ಗಿ ಹಳಿಯ ಮೇಲಿನ ಒಣಗಿದ ಎಲೆ ಆರಿಸುತ್ತಿದ್ದ. ಅದು ಉಜ್ಜನಪ್ಪನ ಕಣ್ಣಿಗೆ ಬಿತ್ತು.

ಉಜ್ಜನಪ್ಪ: ಸಾಗರದ ದಾರೀಲಿ ಕಾಡಲ್ಲೆಲ್ಲ ಸ್ಟೇಷನ್ ಮಾಡಿದ್ರು. ಮಂಗಗಳು ಟಿಕೆಟ್ ತಗೊಳ್ತಾವೇನೋ. ನಮ್ಗೆ ಕೊಡ್ಲಿಲ್ಲ. ಹೋಗ್ಲಿ, ಅದು ಸರ್ಕಾರ. ಬೀಗರಾಗೋರು ಒಂದು ಇಟ್ಟಿಗೆ ಇಟ್ಟು ಹೊಳಲೂರು ಅಂತ ಬರೆಯಕ್ಕೂ ಹಿಂದೆಮುಂದೆ ನೋಡಿದ್ರೆ, ನಾಳೆ ನನ್ನ ಮಗಳಿಗೆ ಈ ಮನೇಲಿ ಏನು ಮರ್ಯಾದೆ?

ಲಿಂಗಮ್ಮ: ಅದಕ್ಕೂ ಇದಕ್ಕೂ ಏನು ಸಂಬಂಧ ಅಣ್ಣಾ? ಒಳಗೆ ಬನ್ನಿ, ಎಲೆ ಬಾಡ್ತಿದೆ.

ಉಜ್ಜನಪ್ಪ: ಸಂಬಂಧ ಇದೆ ತಾಯಿ. ಹೆಣ್ಣು ತರೋ ಊರನ್ನೇ ಲೆಕ್ಕಕ್ಕಿಟ್ಟಿಲ್ಲ ಇವರು.

ರೈಲು ಓಡುವುದನ್ನು ಕಂಡರೆ ಮನುಷ್ಯನ ಸಿಟ್ಟು ತಾನೇ ಇಳಿಯುತ್ತದೆ ಎಂಬುದು ಚಂದ್ರಶೇಖರಪ್ಪನ ನಂಬಿಕೆ. ಅವನು ಬಾವಿಯಿಂದ ತಣ್ಣೀರು ಸೇದಿ ತಂಬಿಗೆಯ ಹೊಟ್ಟೆಗೆ ಹೊಯ್ದ, ದೀಪ ಹಚ್ಚಿದ, ಮುಂದೆ ಕುಕ್ಕರುಗಾಲಲ್ಲಿ ಕೂತ. ಹೆಣ್ಣಿನಪ್ಪ ನಿಂತೇ ಇದ್ದ. ಬಹಳ ಹೊತ್ತಾದ ಮೇಲೆ ಎಂಜಿನ್ ಗೊರಗೊರ ಎಂದು ಮೂರು ಡಬ್ಬಿಗಳನ್ನು ಎಳೆದುಕೊಂಡು ಶಿವಮೊಗ್ಗ ಬಿಟ್ಟಿತು. ಸೀಬೆಗಿಡದ ಬುಡಕ್ಕೆ ಹೋಗುವಷ್ಟರಲ್ಲಿ ಏದುಸಿರು ಬಿಟ್ಟು ನಿಂತಿತು.

ಉಜ್ಜನಪ್ಪ: ಯಾಕೆ ನಿಂತ್ಕೊಳ್ತು?

ಚಂದ್ರಶೇಖರಪ್ಪ: ಮಲವಗೊಪ್ಪ ಅಲ್ವಾ? ಸ್ಟೇಷನ್ನು. ನಿಲ್ಲಲೇಬೇಕು.

ಉಜ್ಜನಪ್ಪ: ಮತ್ತೆ ಯಾವಾಗ ಹೊರಡುತ್ತೆ?

ಲಿಂಗಮ್ಮ: ಅದು ಹೊರಡಲ್ಲ ಅಣ್ಣಾ. ಅಲ್ಲಿಗೆ ಅದರ ಕಥೆ ಮುಗೀತು. ಹುಟ್ಟಿದಾಗಿಂದ ಒಂದಿನಾನೂ ಆ ಗಿಡ ದಾಟಿಲ್ಲ. ಅದಕ್ಕೇ ಅಲ್ಲೊಂದು ಸ್ಟೇಷನ್ ಕಟ್ಟಿದ್ರು. ಭದ್ರಾವತಿಗೆ ಇವರೇ ತಳ್ಕೊಂಡು ಹೋಗ್ತಾರೆ.

ಗಂಡನ ರೈಲಿನ ಬಗ್ಗೆ ಯಾರು ಕೇಳಿದರೂ ಹೀಗೆ ಹೇಳಿ ಅಭ್ಯಾಸವಾಗಿದ್ದ ನಾಲಿಗೆ ಅದು. ಹೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಉಜ್ಜನಪ್ಪ ಅದನ್ನು ಬಿಡುತ್ತಾನೆಯೇ?

ಉಜ್ಜನಪ್ಪ: ಓಹೋ. ಇದೇನಾ ಸರ್ಕಾರದ ಲೈನು? ರೈಲು ಕೆಟ್ಟು ನಿಂತ ಜಾಗಕ್ಕೂ ಒಂದು ಸ್ಟೇಷನ್ ಇದೆ. ಹೊಳಲೂರಿಗಿಲ್ಲ.

ಲಿಂಗಮ್ಮ ಗಂಡನನ್ನು ಅಡುಗೆಮನೆಯ ಒಳಕ್ಕೆ ಕರೆದು ದನಿ ತಗ್ಗಿಸಿ ಝಾಡಿಸಿದಳು. ಒಂದು ಇಟ್ಟಿಗೆಗೆ ಮಗನ ಬಾಳು ಹಾಳಾಗಬೇಕೇ ಎಂದು ಕೇಳಿದಳು. ಸುಳ್ಳು ರೈಲು ಓಡಿಸುವುದು ತನ್ನಿಂದಾಗದು ಎಂದ ಚಂದ್ರಶೇಖರಪ್ಪ. ಕಾರ್ಖಾನೆಯಲ್ಲಿ ನೂಲೆಳೆಯಷ್ಟು ವ್ಯತ್ಯಾಸವಾದರೂ ಕೆಲಸವನ್ನು ತಿರುಗಿ ಮಾಡಿಸಿದವನು ತಾನು ಎಂದೂ ಸೇರಿಸಿದ.

ಲಿಂಗಮ್ಮ: ಚೊಂಬಿಗೆ ಚಕ್ರ ಕಟ್ಟಿ ಅದನ್ನ ಸತ್ಯ ಅಂತೀರಲ್ಲ, ನಿಮ್ಗೆ ನಗು ಬರಲ್ವಾ? ಹೋಗಿ, ಎಲ್ಲಾದ್ರೂ ಒಂದು ಜಾಗ ತೋರಿಸಿ ಅವರಿಗೆ. ಜಾಗ ತೋರಿಸ್ದೆ ಒಳಗೆ ಬಂದ್ರೆ ಊಟ ಇಲ್ಲ.

ಊಟದ ಮಾತು ಬಂದ ಮೇಲೆ ಚಂದ್ರಶೇಖರಪ್ಪನ ಸತ್ಯ ಸ್ವಲ್ಪ ಬಾಗಿತು. ಆದರೆ ಮೇಸ್ತ್ರಿಯ ಬುದ್ಧಿ ಎಲ್ಲಿ ಹೋಗುತ್ತದೆ? ಹೊಳಲೂರು ಹೊಳೆಯ ಹತ್ತಿರ ಇರುವ ಊರು, ಆದ್ದರಿಂದ ನೀರಿನ ಹತ್ತಿರವೇ ಇರಬೇಕು ಎಂದು ಯೋಚಿಸಿ, ಗಂಭೀರವಾಗಿ ಹಿತ್ತಿಲೆಲ್ಲ ನೋಡಿ, ಕೊನೆಗೆ ಬಚ್ಚಲ ನೀರು ಹೊರಗೆ ಹರಿಯುವ ಮೋರಿಯ ಪಕ್ಕದಲ್ಲಿ ಒಂದು ಇಟ್ಟಿಗೆ ಇಟ್ಟ.

ಚಂದ್ರಶೇಖರಪ್ಪ: ಇದು ಹೊಳೆ ಅಂತ ತಿಳ್ಕೊಳ್ಳಿ. ಇಲ್ಲಿ ನಿಮ್ಮ ಹೊಳಲೂರು. ಲೈನ್‌ನಿಂದ ಸ್ವಲ್ಪ ದೂರ. ಇರೋದೂ ಹಾಗೇ ಅಲ್ವಾ?

ಉಜ್ಜನಪ್ಪ ಬಗ್ಗಿ ನೋಡಿದ. ಮೋರಿಯಲ್ಲಿ ಬೆಳಗಿನ ಸೀಗೆಕಾಯಿ ನೊರೆ ಇನ್ನೂ ನಿಂತಿತ್ತು. ಅವನು ಬದಲಾಯಿಸಲೆಂದು ತಾನು ತಂದಿದ್ದ ಎಲೆ-ಅಡಿಕೆಯನ್ನು ಮಡಿಸಿ ಎಲೆಸಂಚಿಗೆ ತುರುಕಿ, ಸಂಚಿಯ ದಾರ ಬಿಗಿದ.

ಉಜ್ಜನಪ್ಪ: ಬಚ್ಚಲ ಮೋರಿ ಪಕ್ಕ ನಮ್ಮೂರು. ಆಯ್ತು ಸ್ವಾಮಿ. ನಮ್ಮ ಹುಡುಗಿಗೆ ಬೇರೆ ಕಡೆ ನೋಡ್ಕೊಳ್ತೀವಿ. ನನ್ನ ಛತ್ರಿ ಎಲ್ಲಿ ತಾಯಿ?

ಲಿಂಗಮ್ಮ ಛತ್ರಿ ತರಲಿಲ್ಲ. ಎಲೆಯ ತಟ್ಟೆಯನ್ನು ಸೊಂಟಕ್ಕೆ ಒತ್ತಿಕೊಂಡು ಹಿತ್ತಿಲಿಗೆ ಇಳಿದು, ಹಳಿಯ ಮಧ್ಯದಲ್ಲಿ ನಿಂತಳು.

ಲಿಂಗಮ್ಮ: ರೀ, ಈ ಹಿತ್ತಿಲು ಯಾರದ್ದು?

ಚಂದ್ರಶೇಖರಪ್ಪ: ಈಗ ಯಾಕೆ ಅದು?

ಲಿಂಗಮ್ಮ: ನಮ್ಮಪ್ಪ ನನಗೆ ಅರಿಶಿನ-ಕುಂಕುಮಕ್ಕೆ ಅಂತ ಕೊಟ್ಟಿದ್ದು. ಹಳಿ ನಿಮ್ಮದಿರಬಹುದು, ನೆಲ ನಂದು. ಇಲ್ಲಿ ಯಾವೂರು ಎಲ್ಲಿರಬೇಕು ಅಂತ ನಾನು ಹೇಳ್ತೀನಿ. ಆಗಲ್ಲ ಅಂದ್ರೆ ನಾಳೆ ಬೆಳಿಗ್ಗೆ ಹಳಿ ಕಿತ್ತು ಬದನೆಗಿಡ ಹಾಕ್ತೀನಿ.

ಹಾಗೆಂದವಳೇ ಸೀಬೆಗಿಡದ ಬುಡದಲ್ಲಿದ್ದ ಮಲವಗೊಪ್ಪದ ಹಲಗೆಯನ್ನು ಕಿತ್ತು ಹಿಂದುಮುಂದು ಮಾಡಿದಳು. ತಟ್ಟೆಯಲ್ಲಿದ್ದ ಸುಣ್ಣವನ್ನು ಬೆರಳಿಗೆ ಹಚ್ಚಿಕೊಂಡು, ದಪ್ಪ ದಪ್ಪ ಅಕ್ಷರದಲ್ಲಿ ಹೊಳಲೂರು ಎಂದು ಬರೆದು, ಅಲ್ಲೇ ನೆಟ್ಟಳು.

ಚಂದ್ರಶೇಖರಪ್ಪ: ಅಲ್ಲ ಮಾರಾಯ್ತಿ, ಮಲವಗೊಪ್ಪದೋರು ಏನಂದ್ಕೊಳ್ತಾರೆ?

ಲಿಂಗಮ್ಮ: ಏನಾದ್ರೂ ಅಂದ್ಕೊಳ್ಳಲಿ. ಅಲ್ಲಿಂದ ನಾವು ಹೆಣ್ಣು ತರ್ತಿಲ್ಲ.

ಉಜ್ಜನಪ್ಪ ಛತ್ರಿಯ ಮಾತು ಬಿಟ್ಟು ಹಲಗೆಯ ಹತ್ತಿರ ಬಂದ. ಅಕ್ಷರ ಓದಿದ. ರೈಲು ನಿಲ್ಲುವುದನ್ನು ಕಣ್ಣಾರೆ ನೋಡಿದ ಮೇಲೆ ಮುಂದಿನ ಮಾತು ಎಂದ. ಲಿಂಗಮ್ಮನಿಗೆ ಹೋದ ಜೀವ ಬಂದಂತಾಯಿತು. ಆ ರೈಲು ಬೇರೆ ಏನು ಮಾಡದಿದ್ದರೂ ಸೀಬೆಗಿಡದ ಬುಡದಲ್ಲಿ ನಿಲ್ಲುವುದಂತೂ ಖಂಡಿತ. ಶಿವಮೊಗ್ಗದಲ್ಲಿ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಲ್ಲುತ್ತದೆ, ಯಾರೂ ತಳ್ಳದಿದ್ದರೆ ಮದುವೆಯವರೆಗೂ ನಿಲ್ಲುತ್ತದೆ. ಇನ್ನು ತಣ್ಣೀರು ಸೇದಿ, ಅದು ಕಾದು, ಹೆಣ್ಣಿನಪ್ಪನ ಮನಸ್ಸು ಮತ್ತೆ ಬದಲಾಗುವವರೆಗೆ ಕಾಯುವುದಕ್ಕೆ ಅವಳು ತಯಾರಿರಲಿಲ್ಲ. ಗಂಡನಿಂದ ರೈಲನ್ನು ಶಿವಮೊಗ್ಗಕ್ಕೆ ವಾಪಸು ತಳ್ಳಿಸಿ, ಬಚ್ಚಲ ಹಂಡೆಯಲ್ಲಿ ಮರಳುತ್ತಿದ್ದ ನೀರನ್ನೇ ತಂದು ಎಂಜಿನ್ನಿನ ಹೊಟ್ಟೆಗೆ ತುಂಬಿಸಿದಳು.

ತಣ್ಣೀರು ಕಾಯುವುದರಲ್ಲೇ ದೀಪದ ಸ್ಪಿರಿಟ್ ಮುಗಿಯುತ್ತ ಬರುತ್ತಿತ್ತು. ಹಾಗೆ ಬಿಸಿನೀರು ಹೊಯ್ದು ನೋಡುವುದು ಮೇಸ್ತ್ರಿಗೆ ಇಷ್ಟು ದಿನ ಹೊಳೆದಿರಲಿಲ್ಲ.

ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಎಂಜಿನ್ ಬುಸುಗುಟ್ಟಿತು. ಬಾವುಟ ಬೀಸುವುದಕ್ಕೂ ಕಾಯದೆ ಶಿವಮೊಗ್ಗ ಬಿಟ್ಟು ನುಗ್ಗಿತು. ಸೀಬೆಗಿಡದ ಬುಡಕ್ಕೆ ಬಂತು. ಲಿಂಗಮ್ಮ ಕೈ ಮುಗಿದು ನಿಂತಿದ್ದಳು. ಹೊಳಲೂರಿನ ಹಲಗೆಯನ್ನು ಕಣ್ಣೆತ್ತಿಯೂ ನೋಡದೆ ರೈಲು ಮುಂದಕ್ಕೆ ಹೋಯಿತು.

ಚಂದ್ರಶೇಖರಪ್ಪ: ದಾಟ್ತು. ಲಿಂಗಮ್ಮಾ, ದಾಟ್ತು ಕಣೆ!

ಉಜ್ಜನಪ್ಪ: ನಿಲ್ಲಲಿಲ್ಲ.

ಲಿಂಗಮ್ಮ: ನಿಲ್ಸಿ ಅದನ್ನ. ಏನು ನೋಡ್ತಾ ನಿಂತಿದೀರಿ, ನಿಲ್ಸಿ ಅಂದ್ರೆ.

ಚಂದ್ರಶೇಖರಪ್ಪ: ಹೆಂಗೆ ನಿಲ್ಸಲಿ? ನಿಲ್ಸಕ್ಕೆ ನಾನು ಏನೂ ಮಾಡೇ ಇಲ್ಲ. ಅದು ತಾನೇ ನಿಲ್ತಿತ್ತಲ್ಲ.

ಅವನು ಕಚ್ಚೆ ಎತ್ತಿ ಕಟ್ಟಿಕೊಂಡು ರೈಲಿನ ಹಿಂದೆ ಓಡತೊಡಗಿದ. ಕಣ್ಣಲ್ಲಿ ನೀರು ಬಂದಿತ್ತು. ಮಗ ಹುಟ್ಟಿದ ದಿನವೂ ಆ ಮುಖದಲ್ಲಿ ಅಷ್ಟು ಸಂತೋಷವನ್ನು ಲಿಂಗಮ್ಮ ಕಂಡಿರಲಿಲ್ಲ. ಎಲ್ಲ ಹಾಳಾಯಿತು ಎಂದು ಅವಳು ಬಾವಿಕಟ್ಟೆಯ ಮೇಲೆ ಕೂತಳು. ಉಜ್ಜನಪ್ಪ ಹಲ್ಲು ಕಚ್ಚಿ ರೈಲನ್ನೇ ನೋಡುತ್ತಿದ್ದ. ಅದು ಬಾವಿಯ ಹತ್ತಿರ ಬಂದು ಭದ್ರಾವತಿಯನ್ನೂ ದಾಟಿತು. ಉಜ್ಜನಪ್ಪನ ಹುಬ್ಬು ಸ್ವಲ್ಪ ಮೇಲೇರಿತು. ಸುತ್ತು ಹಾಕಿ ಬಾಗಿಲ ಹತ್ತಿರ ಬಂತು, ಶಿವಮೊಗ್ಗವನ್ನೂ ಲೆಕ್ಕಿಸದೆ ಹೋಯಿತು. ಉಜ್ಜನಪ್ಪನ ಮುಖ ಬೆಳಗಿತು.

ಉಜ್ಜನಪ್ಪ: ಶಿವಮೊಗ್ಗದಲ್ಲೂ ನಿಲ್ಲಲಿಲ್ಲ.

ಲಿಂಗಮ್ಮ: ಏನಂದ್ರಿ ಅಣ್ಣಾ?

ಉಜ್ಜನಪ್ಪ: ಭದ್ರಾವತೀಲೂ ನಿಲ್ಲಲಿಲ್ಲ, ಶಿವಮೊಗ್ಗದಲ್ಲೂ ನಿಲ್ಲಲಿಲ್ಲ. ಅಷ್ಟು ದೊಡ್ಡ ಊರುಗಳು, ನೋಡಿ, ಬಾಯಿ ಬಿಟ್ಕೊಂಡು ನಿಂತಿವೆ. ಹೀಗಿರಬೇಕು ರೈಲು ಅಂದ್ರೆ. ಯಾರಿಗೂ ಇಲ್ಲ ಅಂದ್ರೆ ನಮಗೇನೂ ಬೇಜಾರಿಲ್ಲ ತಾಯಿ.

ಅವನು ಸಂಚಿಯ ದಾರ ಬಿಚ್ಚಿ ಎಲೆ-ಅಡಿಕೆ ಹೊರಗೆ ತೆಗೆದ. ಲಿಂಗಮ್ಮ ಇದನ್ನು ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಯೋಚಿಸುತ್ತ ಕೂರಲಿಲ್ಲ. ಮತ್ತೊಂದು ಸುತ್ತು ಬರುತ್ತಿದ್ದ ಗಂಡನ ಹೆಗಲ ವಸ್ತ್ರ ಹಿಡಿದು ನಿಲ್ಲಿಸಿದಳು. ಓಡುವ ಕಾಲು ಓಡುತ್ತಲೇ ಇದ್ದಾಗ ಅವನ ಕೈಯಿಂದ ಎಲೆ ಕೊಡಿಸಿದಳು, ಅವನ ಕೈಗೆ ಎಲೆ ಇಡಿಸಿದಳು, ಇಬ್ಬರ ಬಾಯಿಗೂ ಮಾತಾಡಲು ಜಾಗ ಉಳಿಯದಷ್ಟು ಸಕ್ಕರೆ ತುಂಬಿದಳು.

ಚಂದ್ರಶೇಖರಪ್ಪ ಸಕ್ಕರೆ ನುಂಗಿಕೊಂಡು, ಇನ್ನೊಂದು ಸುತ್ತಿಗೆ ಬಿಸಿ ಇಳಿಯುತ್ತದೆ, ಆಗ ಎಲ್ಲಾದರೂ ಒಂದು ಕಡೆ ನಿಂತೇ ನಿಲ್ಲುತ್ತದೆ ಎಂದು ಹೆಮ್ಮೆಯಿಂದ ಹೇಳಿದ. ಎಲ್ಲಿ ಎಂದು ಉಜ್ಜನಪ್ಪ ಕೇಳಿದ. ಅವನ ಹುಬ್ಬು ಆಗಲೇ ಗಂಟಿಕ್ಕಿತ್ತು.

ಲಿಂಗಮ್ಮ ಬಿಸಿನೀರಿಗೆ ಹಂಡೆಯ ಕಡೆ ಹೊರಟಿದ್ದಳು.

ಲಿಂಗಮ್ಮ: ಮದುವೆ ಮುಗಿಯೋವರೆಗೂ ಅದು ಎಲ್ಲೂ ನಿಲ್ಲೋ ಹಾಗಿಲ್ಲ.