ಮಂಜೂರು ಸಾಹೇಬರು ಕಂಪ್ಯೂಟರಿಗೆ ಅನುಮತಿ ಕೊಟ್ಟಿದ್ದು

"ನನ್ನ ಪುಸ್ತಕವನ್ನ ನಾನೇ ಅಚ್ಚಿಗೆ ಸಿದ್ಧಮಾಡ್ತೀನಿ. ಇದಕ್ಕೆ ಇನ್ನೊಬ್ಬರ ಕಾಲು ಹಿಡಿಯೋ ಅಗತ್ಯ ನನಗಿಲ್ಲ" ಎಂದು ಮಂಜೂರು ಸಾಹೇಬರು ಒಂದು ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದರು. ಬಾಯಿತುಂಬ ನೊರೆ ಇದ್ದುದರಿಂದ ಘೋಷಣೆಯ ಅರ್ಧ ಭಾಗ ಕನ್ನಡಿಯ ಮೇಲೆ ಬಿತ್ತು. ಉಳಿದರ್ಧ ಅವರ ಹೆಂಡತಿಯ ಕಿವಿಗೆ ಬಿತ್ತು.

"ಮೊದಲು ಕನ್ನಡಿ ಒರೆಸಿ" ಎಂದರು ಅವರು.

ಮಂಜೂರು ಸಾಹೇಬರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟಿದ್ದು. ಪರವಾನಗಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತ ಆಸಾಮಿ ಅವರು. ಬೆಳಿಗ್ಗೆ ಬಂದ ಅರ್ಜಿ ಸಂಜೆಯೊಳಗೆ ಮಂಜೂರು. ಕಾಂಪೌಂಡು ಎತ್ತರಿಸಬೇಕೇ? ಮಂಜೂರು. ಅಂಗಡಿಯ ಮುಂದೆ ಬೋರ್ಡು ನೇತುಹಾಕಬೇಕೇ? ಮಂಜೂರು. ಎರಡನೇ ಸಲ ಓದಿದರೆ ಅನುಮಾನ ಬರುತ್ತದೆ, ಅನುಮಾನ ಬಂದರೆ ಫೈಲು ಕೊಳೆಯುತ್ತದೆ ಎಂಬುದು ಅವರ ಸಿದ್ಧಾಂತ. ಒಮ್ಮೆ ಇನ್ನೂ ಕಟ್ಟದೇ ಇದ್ದ ಮನೆಯೊಂದರ ಮೇಲೆ ಮೂರನೇ ಮಹಡಿ ಎಬ್ಬಿಸಲು ಅನುಮತಿ ಕೊಟ್ಟಾಗ, ಅರ್ಜಿದಾರನೇ ಗಾಬರಿಯಾಗಿ ವಾಪಸ್ಸು ಬಂದಿದ್ದನಂತೆ.

ನಿವೃತ್ತರಾದ ಮೇಲೆ ಮಂಜೂರು ಮಾಡಲು ಮನೆಯಲ್ಲಿ ಏನೂ ಸಿಗಲಿಲ್ಲ. ಆದ್ದರಿಂದ ಆತ್ಮಕಥೆ ಬರೆದರು. ಹೆಸರು 'ಒಂದೇ ಕುರ್ಚಿ'. ನಾನೂರ ಹನ್ನೆರಡು ಪುಟ, ಅದರಲ್ಲಿ ಮುನ್ನುಡಿಯೇ ಮೂವತ್ತೆಂಟು. ಮುನ್ನುಡಿ ಬರೆದವರೂ ಅವರೇ, ಅದರಲ್ಲಿ ಲೇಖಕರನ್ನು ಮನಸಾರೆ ಹೊಗಳಿದವರೂ ಅವರೇ. ಪುಸ್ತಕದ ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ ಬೇರೆಯಾಗಿ ತೆಗೆದು, 'ತಿದ್ದುಪಡಿ ಪ್ರತಿ' ಎಂದು ಹೆಸರಿಟ್ಟು ಹೆಂಡತಿಗೆ ಒಪ್ಪಿಸಿದ್ದರು. ಆಕೆ ಹೈಸ್ಕೂಲಿನ ಗಣಿತದ ಟೀಚರು, ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ. ಹಿಂದಿನ ತಿಂಗಳೆಲ್ಲ ಸಂಜೆ ಶಾಲೆಯಿಂದ ಬಂದು ಅದನ್ನು ತೆರೆದು ಕೂರುತ್ತಿದ್ದರು. ಮಂಜೂರು ಸಾಹೇಬರು ಬಾಗಿಲ ಸಂದಿಯಿಂದ ನೋಡಿ ನೋಡಿ ಉಬ್ಬಿಹೋಗುತ್ತಿದ್ದರು.

"ಮುಗೀತು" ಎಂದು ಆಕೆ ಒಂದು ದಿನ ಕನ್ನಡಕ ತೆಗೆದಿಟ್ಟರು.

"ಹೇಗಿದೆ?"

"ಕೊನೇ ಭಾಗ ಸ್ವಲ್ಪ ಕಷ್ಟ ಆಯ್ತು."

ಕಷ್ಟವಾಗದೆ ಇರುತ್ತದೆಯೇ, ನಿವೃತ್ತಿಯ ಅಧ್ಯಾಯ ಅದು, ಕಣ್ಣು ಒದ್ದೆಯಾಗಿರಬೇಕು ಎಂದುಕೊಂಡು ಸಾಹೇಬರು ಹೆಂಡತಿಗೆ ತಾವೇ ಕಾಫಿ ಮಾಡಿಕೊಟ್ಟರು.

ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಅಮೂಲ್ಯ ವಸ್ತುವಿತ್ತು. ಆ ವರ್ಷದ ವಾರ್ಷಿಕ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆ. ಅದನ್ನು ತಯಾರಿಸುವ ಜವಾಬ್ದಾರಿ ಈಕೆಯದು. ಮುನ್ನೂರ ನಲವತ್ತು ಮಕ್ಕಳು ಬರೆಯುವ ಪರೀಕ್ಷೆ. ಇಪ್ಪತ್ತೆರಡು ವರ್ಷಗಳಲ್ಲಿ ಆಕೆಯ ಕೈಯಿಂದ ಒಂದೇ ಒಂದು ಪ್ರಶ್ನೆ ಹೊರಗೆ ಸೋರಿದ್ದಿಲ್ಲ.

"ಪತ್ರಿಕೆ ಎಲ್ಲಿಟ್ಟಿದ್ದೀಯ?" ಎಂದು ಸಾಹೇಬರು ಸುಮ್ಮನೆ ಕೇಳಿದ್ದರು.

"ಇದರಲ್ಲೇ ಇದೆ. ಎಲ್ಲಿದೆ ಅಂತ ನಿಮಗೆ ಹೇಳಲ್ಲ."

"ಗಂಡನ ಮೇಲೂ ನಂಬಿಕೆ ಇಲ್ವಾ?"

"ಗಂಡ ಅಂತಲ್ಲ, ಕೇಳಿದವರಿಗೆಲ್ಲ ಹೂಂ ಅನ್ನೋರ ಮೇಲೆ ಇಲ್ಲ."

ಈಗ ಗುರುವಾರಕ್ಕೆ ಬರೋಣ. ಪುಸ್ತಕದ ಪುಟಗಳನ್ನು ಜೋಡಿಸುವ ತಂತ್ರಾಂಶ ದುಡ್ಡು ಕೊಟ್ಟರೆ ಸಿಗುತ್ತಿತ್ತು. ಸಾಹೇಬರು ದುಡ್ಡು ಕೊಡದೆ ಸಿಗುವ ಜಾಗ ಹುಡುಕಿದರು, ಸಿಕ್ಕಿತು. ಇಂಥದ್ದೆಲ್ಲ ಬಹಳ ಬೇಗ ಸಿಗುತ್ತದೆ. ಇಳಿಸಿಕೊಂಡ ಕಡತದ ಜೊತೆಗೆ ಒಂದು ಚೀಟಿಯೂ ಇತ್ತು. "ದಯವಿಟ್ಟು ನಿಮ್ಮ ಆಂಟಿವೈರಸ್ಸನ್ನು ಕೆಲಕಾಲ ಸ್ಥಗಿತಗೊಳಿಸಿ, ಕೇಳಿದ ಅನುಮತಿಗಳನ್ನೆಲ್ಲ ನೀಡಿ ಸಹಕರಿಸಿ" ಎಂದು ಅದರಲ್ಲಿ ಬರೆದಿತ್ತು. ದಯವಿಟ್ಟು ಎಂಬ ಮಾತು ಓದಿ ಸಾಹೇಬರ ಮನಸ್ಸು ತುಂಬಿ ಬಂತು. ಎಷ್ಟು ವರ್ಷವಾಗಿತ್ತು ಅವರ ಮುಂದೆ ಯಾರಾದರೂ ಅರ್ಜಿ ಇಟ್ಟು!

ಆಂಟಿವೈರಸ್ ಮಾತ್ರ ಕೆಂಪು ಪೆಟ್ಟಿಗೆ ತೋರಿಸಿ ಅಡ್ಡಬಂತು. 'ಈ ಕಡತ ಅಪಾಯಕಾರಿ' ಎಂದಿತು. ಸಾಹೇಬರ ಕೈಕೆಳಗೆ ಹಿಂದೆ ಒಬ್ಬ ಗುಮಾಸ್ತನಿದ್ದ, ಪ್ರತಿ ಫೈಲಿಗೂ ಒಂದು ತಕರಾರು ಅಂಟಿಸಿ ಕಳಿಸುವವನು. ಅವನ ಮುಖವೇ ಆ ಪೆಟ್ಟಿಗೆಯಲ್ಲಿ ಕಾಣಿಸಿತು. "ಆಕ್ಷೇಪಣೆ ತಳ್ಳಿಹಾಕಲಾಗಿದೆ" ಎಂದು ಗಟ್ಟಿಯಾಗಿ ಹೇಳಿ ಆಂಟಿವೈರಸ್ಸನ್ನು ಆರಿಸಿದರು. ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಈ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಅನುಮತಿಸುವಿರಾ? ಮಂಜೂರು. ಇಂಟರ್ನೆಟ್ಟಿನೊಡನೆ ಮಾತಾಡಲು ಬಿಡುವಿರಾ? ಮಂಜೂರು. ಕಂಪ್ಯೂಟರ್ ಎದ್ದಾಗಲೆಲ್ಲ ನಾನೂ ಏಳಲೇ? ಏಳಪ್ಪ, ಮಂಜೂರು.

ಪರದೆಯ ಮೇಲೆ ಒಂದು ಕಪ್ಪು ಕಿಟಕಿ ಮಿಂಚಿ ಮಾಯವಾಯಿತು. ಮತ್ತೇನೂ ಆಗಲಿಲ್ಲ. ಪುಟ ಜೋಡಿಸುವ ತಂತ್ರಾಂಶ ತೆರೆಯಲೇ ಇಲ್ಲ. ಸರಿಯಾಗಿ ಕೂತಿಲ್ಲ ಎಂದುಕೊಂಡು ಸಾಹೇಬರು ಇನ್ನೂ ನಾಲ್ಕು ಸಲ ಹಾಕಿದರು.

ಮರುದಿನದಿಂದ ಕಂಪ್ಯೂಟರಿಗೆ ಏದುಸಿರು ಹತ್ತಿತು. ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ಇವರು ಹೋಗಿ ಗಿಡಕ್ಕೆ ನೀರು ಹಾಕಿ ಬರಬಹುದಿತ್ತು. ಕ್ಯಾಮೆರಾದ ಪಕ್ಕದ ಪುಟ್ಟ ದೀಪ ತನ್ನಷ್ಟಕ್ಕೆ ಹತ್ತುವುದು, ಆರುವುದು. ಸೋಮವಾರವಂತೂ ಪರದೆಯ ಮೇಲಿನ ಬಾಣ ಇವರ ಕೈ ಸೋಂಕದೆಯೇ ಓಡಾಡತೊಡಗಿತು. ಮೌಸ್ ಕೆಟ್ಟಿತೆಂದು ಹೊಸದು ತಂದರು. ಹೊಸದರಲ್ಲೂ ಅದೇ ಕಥೆ. ಮಂಗಳವಾರ ಊಟವಾದ ಮೇಲೆ ಸಾಹೇಬರು ಮೇಜಿನ ಕೆಳಗೆ ತೂರಿದರು. ಅಂದು ಶಾಲೆಗೆ ಅರ್ಧ ದಿನ. ಮನೆಗೆ ಬಂದ ಹೆಂಡತಿಗೆ ಕಂಡದ್ದು ಗಂಡನ ಎರಡು ಕಾಲು ಮಾತ್ರ.

"ಅಲ್ಲೇನು ಮಾಡ್ತಿದ್ದೀರಿ?"

"ಮೇಜು ವಾಲಿದೆ ಕಣೇ. ಬಾಣ ಜಾರ್ತಿದೆ. ಕಾಲಿಗೆ ಕಾಗದ ಮಡಿಸಿ ಇಡ್ತಿದ್ದೀನಿ."

"ಬಾಣ ಮೇಲಕ್ಕೆ ಹೋಗ್ತಿದೆಯಲ್ರೀ."

"ಅದಕ್ಕೇ ಆ ಕಡೆ ಕಾಲಿಗೂ ಇಡ್ತಿದ್ದೀನಿ."

"ಯಾರಾದ್ರೂ ತಿಳಿದವರನ್ನ ಕರೆಸಿ ಅಂದ್ರೆ ಕೇಳಲ್ಲ" ಎಂದು ಗೊಣಗುತ್ತಾ ಆಕೆ ಒಳಗೆ ಹೋದರು. ಆದರೆ ಆಶ್ಚರ್ಯ, ಅಂದಿನ ಸಂಜೆಯಿಂದ ಬಾಣ ಗಪ್‌ಚಿಪ್. ದೀಪವೂ ಹತ್ತಲಿಲ್ಲ. ಮಡಿಸಿದ ಕಾಗದದ ಮಹಿಮೆಯನ್ನು ಸಾಹೇಬರು ಮೂರು ದಿನ ಹಾಡಿ ಹೊಗಳಿದರು.

ಶನಿವಾರ ಬೆಳಿಗ್ಗೆ ಫೋನು ಬಡಿದುಕೊಂಡಿತು. ಮೊದಲು ಷಡ್ಡಕ. "ನೀವು ಕಳಿಸಿದ ಫೋಟೋ ತೆರೆಯೋಕೇ ಆಗ್ತಿಲ್ಲ, ಏನು ಫೋಟೋ ಅದು?" ಸಾಹೇಬರು ಯಾವ ಫೋಟೋವನ್ನೂ ಕಳಿಸಿರಲಿಲ್ಲ. ಆಮೇಲೆ ಹಲ್ಲಿನ ಡಾಕ್ಟರು, ಆಮೇಲೆ ನಾದಿನಿ, ಆಮೇಲೆ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಆ ತಕರಾರಿನ ಗುಮಾಸ್ತ. ಎಲ್ಲರಿಗೂ ಸಾಹೇಬರ ವಿಳಾಸದಿಂದ ಮೇಲ್ ಹೋಗಿತ್ತು. 'ನನ್ನ ಈ ಫೋಟೋ ನೋಡಿ ನಗಬೇಡಿ' ಎಂಬ ಒಕ್ಕಣೆ ಬೇರೆ. ಒಂಬತ್ತೂವರೆಗೆ ಬಂದ ಫೋನನ್ನು ಹೆಂಡತಿ ಎತ್ತಿದರು. ಆ ಕಡೆ ಅವರ ಶಾಲೆಯ ಹೆಡ್‌ಮಿಸ್ಸು.

"ನಿಮ್ಮ ಮನೆಯವರಿಂದ ನನಗೊಂದು ಫೋಟೋ ಬಂದಿದೆ. ನಾನು ತೆರೆದಿಲ್ಲ, ತೆರೆಯೋದೂ ಇಲ್ಲ. ನಿಮ್ಮ ಕಂಪ್ಯೂಟರಿಗೆ ಯಾರೋ ನುಗ್ಗಿರಬೇಕು. ಪ್ರಶ್ನೆಪತ್ರಿಕೆ ಅದರಲ್ಲೇ ಇದೆಯಾ?"

"ಇದೆ."

"ಸೋಮವಾರ ಪರೀಕ್ಷೆ. ಪತ್ರಿಕೆ ಹೊರಗೆ ಹೋಗಿದ್ರೆ ಪರೀಕ್ಷೆ ನಿಲ್ಲಿಸಬೇಕಾಗತ್ತೆ. ಯಾಕೆ ನಿಲ್ಲಿಸಿದ್ದು ಅಂತ ಮೇಲಿನವರಿಗೆ ಬರೆದು ಕೊಡಬೇಕಾದವರು ನೀವು. ಮಧ್ಯಾಹ್ನದೊಳಗೆ ಹೇಳಿ."

ಆಕೆ ಫೋನಿಟ್ಟು ಗಂಡನ ಕಡೆ ತಿರುಗಿದರು. ಬೈದಿದ್ದರೆ ಸಾಹೇಬರು ಹೇಗೋ ಜೀರ್ಣಿಸಿಕೊಳ್ಳುತ್ತಿದ್ದರು. ಬೈಯಲಿಲ್ಲ. ಸೀದಾ ಹೋಗಿ ರಿಪೇರಿ ಅಕ್ಕನನ್ನು ಕರೆತಂದರು.

ರಿಪೇರಿ ಅಕ್ಕ ಎಂದರೆ ಎರಡು ಬೀದಿ ಆಚೆ ಅಂಗಡಿ ಇಟ್ಟಿರುವ ಐವತ್ತು ದಾಟಿದ ಹೆಂಗಸು. ರೇಡಿಯೋ ಕಾಲದಿಂದ ಬಿಚ್ಚುತ್ತ ಬಂದವರು. ಒಳಗೆ ಬಂದವರೇ ಗೋಡೆಯಿಂದ ಬರುತ್ತಿದ್ದ ಇಂಟರ್ನೆಟ್ ವೈರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು.

"ಮೊದಲು ಇದು. ಈಗ ಹೇಳಿ, ಏನು ಹಾಕಿದ್ರಿ?"

ಸಾಹೇಬರು ಹೇಳಿದರು. ಅಕ್ಕ ಅರ್ಧ ಗಂಟೆ ಕಟಕಟ ಕುಟ್ಟಿ ತಲೆಯಾಡಿಸಿದರು.

"ಸರ್, ನಿಮ್ಮ ಮುಂಬಾಗಿಲಿಗೆ ಬೀಗ ಇತ್ತು. ಈ ಪ್ರೋಗ್ರಾಮು ಒಳಗೆ ಬಂದು ಹಿಂದುಗಡೆ ಒಂದು ಬಾಗಿಲು ಮಾಡಿಟ್ಟಿದೆ. ಎಲ್ಲೋ ಕೂತಿರೋ ಒಬ್ಬ ಆ ಬಾಗಿಲಿಂದ ಬರ್ತಾನೆ, ನಿಮ್ಮ ಬಾಣ ಹಿಡ್ಕೊಂಡು ಓಡಾಡ್ತಾನೆ, ಕ್ಯಾಮೆರಾದಲ್ಲಿ ನಿಮ್ಮನ್ನ ನೋಡ್ತಾನೆ, ಬೇಕಾದ್ದನ್ನ ಕಾಪಿ ಮಾಡ್ಕೊಂಡು ಹೋಗ್ತಾನೆ. ಈ ಮೇಲ್‌ಗಳು ತಾವಾಗೇ ಹೋಗೋ ಹಾಗೂ ಇಟ್ಟಿದ್ದಾನೆ."

"ನಾನು ಎದುರಿಗೆ ಕೂತಿರುವಾಗಲೇ?" ಎಂದರು ಸಾಹೇಬರು.

"ನೀವೇ ಅನುಮತಿ ಕೊಟ್ಟಿದ್ದೀರಲ್ಲ. ಐದು ಸಲ."

"ಹಿಂದುಗಡೆ ಬಾಗಿಲಿಡೋದಕ್ಕೆ ನಮ್ಮ ವಿಭಾಗದಲ್ಲಿ ನಕ್ಷೆ ಆದ್ರೂ ಕೇಳ್ತಿದ್ವಿ" ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಹೆಂಡತಿ ನೋಡಿದ ನೋಟಕ್ಕೆ ಒಂದು ಹೆಜ್ಜೆ ಹಿಂದೆ ಸರಿದರು.

ಪ್ರೋಗ್ರಾಮು ತಾನು ಮಾಡಿದ್ದರ ದಿನಚರಿಯನ್ನೂ ಒಂದು ಮೂಲೆಯಲ್ಲಿ ಬರೆದಿಡುತ್ತಿತ್ತು. ಅಕ್ಕ ಅದನ್ನು ಹುಡುಕಿ ತೆಗೆದು ಜೋರಾಗಿ ಓದತೊಡಗಿದರು. ಯಾವ ಕಡತ ತೆರೆದದ್ದು, ಯಾವುದನ್ನು ಒಯ್ದದ್ದು, ಎಲ್ಲ ಗಂಟೆ ನಿಮಿಷದ ಸಮೇತ ಅದರಲ್ಲಿತ್ತು. ಮದುವೆ ಫೋಟೋಗಳು, ಹೋಗಿವೆ. 'ಎಲ್ಲ ಪಾಸ್‌ವರ್ಡ್‌ಗಳು, ಮರೆಯಬಾರದು' ಎಂದು ಸಾಹೇಬರು ಬರೆದಿಟ್ಟಿದ್ದ ಪಟ್ಟಿ, ಹೋಗಿದೆ. 'ಶಾಲೆ' ಎಂಬ ಫೋಲ್ಡರು, ಪೂರ್ತಿ ಹೋಗಿದೆ. 'ಹಳೆಯ ಪ್ರಶ್ನೆಪತ್ರಿಕೆಗಳು', ಅವೂ ಹೋಗಿವೆ.

ಇಪ್ಪತ್ತೆರಡು ವರ್ಷ ಒಬ್ಬ ಹೆಣ್ಣುಮಗಳು ಕಾಪಾಡಿಕೊಂಡು ಬಂದ ಹೆಸರನ್ನು ತಾನು ಒಂದು 'ದಯವಿಟ್ಟು'ಗೆ ಮರುಳಾಗಿ ಮಣ್ಣುಪಾಲು ಮಾಡಿದೆನಲ್ಲ ಎಂದು ಸಾಹೇಬರಿಗೆ ನಿಜವಾಗಿಯೂ ನಾಚಿಕೆಯಾಯಿತು.

ಹೆಂಡತಿ ಅಕ್ಕನ ಹೆಗಲ ಮೇಲಿಂದ ಬಗ್ಗಿದರು. "'ಒಂದೇ ಕುರ್ಚಿ, ತಿದ್ದುಪಡಿ ಪ್ರತಿ' ಅಂತ ಒಂದಿದೆ. ಅದು ಹೋಗಿದೆಯಾ ನೋಡಿ."

ಸಾಹೇಬರು ಹೆಂಡತಿಯ ಬೆನ್ನು ತಟ್ಟಿದರು. ಇಂಥ ಹೊತ್ತಿನಲ್ಲೂ ಗಂಡನ ಪುಸ್ತಕದ ಚಿಂತೆ! "ಬಿಡೇ, ನನ್ನ ಪುಸ್ತಕ ಹೋದ್ರೆ ಹೋಗ್ಲಿ. ಮೊದಲು ನಿನ್ನ ಪತ್ರಿಕೆ ನೋಡಿಸು."

"ನೀವು ಸ್ವಲ್ಪ ಸುಮ್ನಿರ್ತೀರಾ?"

ಅಕ್ಕ ಬೆರಳಿಟ್ಟು ಹುಡುಕಿದರು. "ಇದೆ. ತೆರೆದಿದ್ದಾನೆ. ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ."

"ಎಷ್ಟು ಹೊತ್ತು?"

"ಹದಿನೆಂಟು ಸೆಕೆಂಡು. ಮೊದಲ ಪುಟದಲ್ಲೇ ಮುಚ್ಚಿದ್ದಾನೆ. ಕಾಪಿ ಮಾಡಿಲ್ಲ. ವಿಚಿತ್ರ, ಇದರ ಅಕ್ಕಪಕ್ಕದ್ದೆಲ್ಲ ಒಯ್ದಿದ್ದಾನೆ, ಇದೊಂದನ್ನ ಮುಟ್ಟಿಲ್ಲ."

ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡು, "ಇನ್ನೂರ ಆರನೇ ಪುಟ ತೆಗೀರಿ" ಎಂದರು.

ಇನ್ನೂರ ಐದನೇ ಪುಟದಲ್ಲಿ 'ಫೈಲಿಗೆ ಕಟ್ಟುವ ದಾರದ ಬಣ್ಣಗಳು' ಎಂಬ ಅಧ್ಯಾಯ ನಡೆದಿತ್ತು. ಇನ್ನೂರ ಆರರಲ್ಲಿ ಅದು ಥಟ್ಟನೆ ನಿಂತು, 'ಸಮಯ: ಮೂರು ಗಂಟೆ, ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ' ಎಂದು ಶುರುವಾಗಿತ್ತು. ನಾಲ್ಕು ಪುಟ, ಮೂವತ್ತೆಂಟು ಪ್ರಶ್ನೆ. ಆಮೇಲೆ ಮತ್ತೆ ದಾರದ ಬಣ್ಣ.

ಸಾಹೇಬರು ಪುಟಗಳನ್ನು ಹಿಂದೆ ಮುಂದೆ ಉರುಳಿಸಿ ನೋಡಿದರು. "ಹಾಗಾದ್ರೆ ಆ ಒಂದು ತಿಂಗಳು ನೀನು ಓದ್ತಿದ್ದದ್ದು..."

"ಲೆಕ್ಕ ಬರೀತಿದ್ದೆ."

"ಅಷ್ಟು ದೊಡ್ಡ ಕಂಪ್ಯೂಟರಲ್ಲಿ ನನ್ನ ಪುಸ್ತಕವೇ ಬೇಕಿತ್ತಾ?"

"ಅಲ್ಲೀತನಕ ಯಾರೂ ಬರಲ್ಲ ಅಂತ ಗೊತ್ತಿತ್ತು. ನಾನೇ ಎರಡು ಸಲ ಪ್ರಯತ್ನಪಟ್ಟಿದ್ದೆ" ಎಂದು ಆಕೆ ಹೆಡ್‌ಮಿಸ್ಸಿಗೆ ಫೋನು ಮಾಡಲು ಎದ್ದು ಹೋದರು. ಪತ್ರಿಕೆ ಭದ್ರವಾಗಿದೆ ಎಂದು ಹೇಳುವ ಅವರ ಉತ್ಸಾಹದ ದನಿ ಒಳಗಿನಿಂದ ಕೇಳಿಬಂತು.

ಸಾಹೇಬರಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಸಹಿಸಲಾಗದ ಅವಮಾನ. ಹೆಂಡತಿಯ ವಿಷಯ ಬಿಡಿ, ಮನೆಯವರಿಗೆ ಮನೆಯವರ ಬೆಲೆ ತಿಳಿಯುವುದಿಲ್ಲ. ಹೊರಗಿನವನೊಬ್ಬ ತಾನಾಗಿ ಹುಡುಕಿಕೊಂಡು ಬಂದು ಪುಸ್ತಕ ತೆರೆದಿದ್ದಾನಲ್ಲ. ಅವರು ಅಕ್ಕನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದರು.

"ಹದಿನೆಂಟು ಸೆಕೆಂಡಿನಲ್ಲಿ ಒಂದು ಪುಟ ಓದಬಹುದು, ಅಲ್ವಾ? ಇನ್ನೊಂದು ದಿನ ಬಂದು ಮುಂದಕ್ಕೆ ಓದಿರಬಹುದು. ಸರಿಯಾಗಿ ನೋಡಿ."

ಅಕ್ಕ ದಿನಚರಿಯನ್ನು ಕೊನೆಯವರೆಗೂ ಉರುಳಿಸಿ ನೋಡಿದರು. ಕೆಲಸದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು.

"ಇಲ್ಲ ಸರ್. ಅಲ್ಲೀತನಕ ದಿನಕ್ಕೆ ಐದಾರು ಸಲ ಬಂದು ಹೋಗ್ತಿದ್ದ. ನಿಮ್ಮ ಪುಸ್ತಕ ತೆರೆದ ಮೇಲೆ ಈ ಕಡೆ ತಲೆನೇ ಹಾಕಿಲ್ಲ."